ಅಡಿಗಲ್ಲಿನ ಮೇಲೆ ಯಾರ ಹೆಸರು?

ಪಟ್ಟದಕಲ್ಲಿಗೆ ನಾವು ಮೊದಲು ಹೋದದ್ದು ಶಾಲೆಯ ಪ್ರವಾಸದಲ್ಲಿ. ವಿರೂಪಾಕ್ಷ ಗುಡಿ ಕಟ್ಟಿಸಿದವಳು ಚಾಲುಕ್ಯರ ರಾಣಿ ಲೋಕಮಹಾದೇವಿ, ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ, ಎಂಟನೆಯ ಶತಮಾನದಲ್ಲಿ ಎಂದು ಮಾಸ್ತರರು ಹೇಳಿದರು. ಕಟ್ಟಿದ ಸೂತ್ರಧಾರಿ ಗುಂಡನ ಹೆಸರೂ, ಅವನಿಗೆ ಸಿಕ್ಕ ಬಿರುದೂ ಅಲ್ಲಿನ ಶಾಸನದಲ್ಲಿವೆ. ಒಳ್ಳೇದಾಯ್ತು. ಆದರೆ ಕಲ್ಲು ಹೊತ್ತವರು ಯಾರು? ಅದನ್ನು ನಾವೂ ಕೇಳಲಿಲ್ಲ, ಮಾಸ್ತರರೂ ಹೇಳಲಿಲ್ಲ. ಊಟದ ಹೊತ್ತಿಗೆ ನಮ್ಮ ಬುತ್ತಿ ಬೇರೆ ಸಾಲಿನಲ್ಲಿ ಬಿಚ್ಚಿದ್ದು ಮಾತ್ರ ಇವತ್ತಿಗೂ ನೆನಪಿದೆ.

ನಮ್ಮ ಸೀಮೆಯಲ್ಲಿ ಗುಡಿಗೇನೂ ಬರವಿಲ್ಲ. ಕಲ್ಲು ಎತ್ತಲು ಹೆಗಲು ಬೇಕು, ಹೊಸ್ತಿಲು ದಾಟಲು ಆ ಹೆಗಲು ಬೇಡ ಎಂಬುದೇ ಅವುಗಳ ಕಟ್ಟಳೆ. ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ದೇವಾಲಯವೂ ಎದ್ದಿತು. ಅದರ ಚರಿತ್ರೆಯನ್ನೂ ನಾವು ಓದಬೇಕು, ಹೊಗಳುವುದಕ್ಕಲ್ಲ, ಲೆಕ್ಕ ಕೇಳುವುದಕ್ಕೆ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ಬಾದಾಮಿ ಮಗ್ಗುಲಿನ ಗುಳೇದಗುಡ್ಡಕ್ಕೆ. ಕುಪ್ಪಸದ ಖಣಕ್ಕೆ ಹೆಸರಾದ ನೇಕಾರರ ಊರು ಅದು. ಅದಕ್ಕೂ ಒಂದು ವರ್ಷ ಮುಂಚೆ, 1850ರ 21ನೇ ಕಾಯ್ದೆ ಬರುವ ತನಕ, ಮತ ಬಿಟ್ಟವನಿಗೆ ಅಪ್ಪನ ಆಸ್ತಿಯೂ ತಪ್ಪಬಹುದಿತ್ತು. ನಮ್ಮ ಕೇರಿಯವರಿಗೆ ಕಳಕೊಳ್ಳಲು ಆಸ್ತಿ ಎಲ್ಲಿತ್ತು? ಇದ್ದದ್ದು ಜಾತಿ ಒಂದೇ, ಅದೂ ಬೇರೆಯವರು ಹೊರಿಸಿದ್ದು.

ಆಮೇಲೆ ಬಂತು 1876-78ರ ಧಾತು ಈಶ್ವರ ಬರ. ಬಾದಾಮಿ, ಬಾಗಲಕೋಟೆ, ಹುನಗುಂದ ಆಗ ಕಲಾದಗಿ ಜಿಲ್ಲೆಗೆ ಸೇರಿದ್ದವು. ಮುಂಬಯಿ ಪ್ರಾಂತದಲ್ಲಿ ಬರ ಅತಿ ಹೆಚ್ಚು ತಿಂದ ಜಿಲ್ಲೆಗಳಲ್ಲಿ ಅದೂ ಒಂದು. ಹಸಿದವರು ಮಿಷನ್ನಿನ ಬಾಗಿಲಿಗೆ ಬಂದರು. ಜ್ವಾಳಕ್ಕ ಜಾತಿ ಬಿಟ್ಟರು ಅಂತ ಇವತ್ತಿಗೂ ಹಂಗಿಸುವವರಿದ್ದಾರೆ. ಅವರಿಗೆ ನಮ್ಮದು ಒಂದೇ ಪ್ರಶ್ನೆ: ಆ ಬರದಾಗ ನಿಮ್ಮ ಹಗೇವು ಯಾರಿಗೆ ತೆರೆದಿತ್ರೀ?

ಮಿಷನ್ನು ಒಂದು ದೊಡ್ಡ ಕೆಲಸ ಮಾಡಿತು. ಜಾತಿ ಹೊರಗೆ ಬಿಟ್ಟು ಒಳಗೆ ಬಾ ಎಂದಿತು. ಕರ್ತನ ಭೋಜನದಲ್ಲಿ ನೇಕಾರನೂ ಹೊಲೆಯನೂ ಒಂದೇ ಬಟ್ಟಲಿಗೆ ತುಟಿ ಹಚ್ಚಬೇಕು ಎಂದಿತು. ಚಾದಂಗಡಿಯಲ್ಲಿ ನಮಗೆ ಬೇರೆ ಕಪ್ಪು ಇಡುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಆದರೆ ಹಣದ ಚೀಲ, ಕೊನೆಯ ಮಾತು ಎರಡೂ ಬಾಸೆಲಿನ ಕಮಿಟಿಯ ಕೈಯಲ್ಲಿದ್ದವು. 1851-52ರಲ್ಲಿ ಅದರ ಇನ್‌ಸ್ಪೆಕ್ಟರ್ ಯೋಸೆನ್‌ಹಾನ್ಸ್ ಇಲ್ಲಿಗೇ ಬಂದು ಆ ಹಿಡಿತವನ್ನು ಬಿಗಿಮಾಡಿದ. ನಮ್ಮವರು ಒಳಗೆ ಬಂದದ್ದು ನಿಜ. ಆದರೆ ನಕ್ಷೆ ಬಿಡಿಸುವ ಮೇಜಿನ ಹತ್ತಿರ ಬಂದರೇ?

ಕನ್ನಡದಲ್ಲಿ ‘ಸಭೆ’ ಅಂದರೆ ಎರಡು ಅರ್ಥ. ಕೂಡಿ ಪ್ರಾರ್ಥಿಸುವವರೂ ಸಭೆ, ಕೂಡಿ ಕೂತು ತೀರ್ಮಾನಿಸುವುದೂ ಸಭೆ. ಮೊದಲನೆಯದು ಬೇಗ ಸಿಕ್ಕಿತು, ಎರಡನೆಯದು ಬಹಳ ತಡವಾಯಿತು. 1914ರ ಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸರಕಾರ ಹಿಡಿದಿಟ್ಟಾಗ ಸಭೆಗಳು ತಮ್ಮ ಕಾಲ ಮೇಲೆ ನಿಲ್ಲಲು ಕಲಿಯಬೇಕಾಯಿತು. 1968ರಲ್ಲಿ ಈ ಭಾಗದ ಬಾಸೆಲ್ ಸಭೆಗಳು ದಕ್ಷಿಣ ಭಾರತ ಸಭೆಗೆ ಸೇರಿದವು, 1970ರಲ್ಲಿ ಧಾರವಾಡ ಕೇಂದ್ರವಾಗಿ ಕರ್ನಾಟಕ ಉತ್ತರ ಸಭಾಪ್ರಾಂತ ಆಯಿತು. ಕಮಿಟಿ ದೂರದ ಬಾಸೆಲಿನಿಂದ ಹತ್ತಿರಕ್ಕೆ ಬಂತು. ಕೇರಿಯ ತನಕ ಬಂತೇ?

ಅಷ್ಟರಲ್ಲಿ ದಿಲ್ಲಿ ಇನ್ನೊಂದು ಗೋಡೆ ಎಬ್ಬಿಸಿತ್ತು. 1950ರ ರಾಷ್ಟ್ರಪತಿ ಆಜ್ಞೆಯ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತನಾದ ದಲಿತ ಇನ್ನೂ ಹೊರಗೇ ನಿಂತಿದ್ದಾನೆ. ಊರು ಅವನ ಜಾತಿ ಮರೆತಿಲ್ಲ, ಕಾಗದ ಮಾತ್ರ ಮರೆತಿದೆ. ಒಂದೇ ಕೇರಿಯ ಎರಡು ಮನೆ: ಒಬ್ಬನಿಗೆ ಸ್ಕಾಲರ್‌ಶಿಪ್ಪು, ಇನ್ನೊಬ್ಬನಿಗೆ ‘ನೀನು ದಲಿತನಲ್ಲ’ ಎಂಬ ಉತ್ತರ. ಇಂಥವನಿಗೆ ಉಳಿದದ್ದು ಸಭೆಯ ಸೂರು ಒಂದೇ. ಅಲ್ಲಿಯೂ ಅವನು ಹಿಂದಿನ ಸಾಲಿನವನಾದರೆ?

ಆದಕಾರಣ ಯಾವುದೇ ಸಭೆ ಹೊಸ ಕಟ್ಟಡಕ್ಕೆ ಕೂತಾಗ ಅದು ಬರೇ ಇಟ್ಟಂಗಿ, ಸಿಮೆಂಟಿನ ಮಾತಲ್ಲ. ಚಂದಾ ಪಟ್ಟಿಯಲ್ಲಿ ನೂರು ಬರೆಸಿದವನಿಗೂ ಲಕ್ಷ ಬರೆಸಿದವನಿಗೂ ಒಂದೇ ಓಟು ಇರಬೇಕು. ದುಡ್ಡಿಲ್ಲದವನು ಕೊಟ್ಟ ನಾಲ್ಕು ದಿನದ ಕೂಲಿಯನ್ನೂ ಪಟ್ಟಿಯಲ್ಲಿ ಬರೀಬೇಕು. ನೀರಿನ ನಳ ಎಲ್ಲಿ, ಹೆಣ್ಣುಮಕ್ಕಳ ಬಾಗಿಲು ಯಾವ ಕಡೆ ಅನ್ನೋದನ್ನ ದಿನಾ ಕಸ ಹೊಡೆಯುವ ಅವ್ವನನ್ನು ಕೇಳಬೇಕು. ಕೇರಿಯ ಹುಡುಗರು ಓದಲಿಕ್ಕೆ ಒಂದು ಖೋಲಿ ಇರಲಿ. ಅಡಿಗಲ್ಲಿನ ಮೇಲೆ ಬಂದು ಹೋದ ದೊಡ್ಡವರ ಹೆಸರಿದ್ದರೆ, ಕಲ್ಲು ಹೊತ್ತವರ ಹೆಸರೂ ಇರಲಿ.

ನಮ್ಮ ಕೇರಿಯ ಕೆಲವು ಮನೆ ಸಭೆಗೆ ಸೇರಿದವು, ಕೆಲವು ಸೇರಲಿಲ್ಲ. ಎರಡೂ ಮನೆಯವರು ನಮ್ಮವರೇ. ಆ ಹಕ್ಕಿನಿಂದಲೇ ಹೇಳುತ್ತೇವೆ: ಹಿರಿಯರೇ, ಕಾಗದದ ಮೇಲೆ ಗೆರೆ ಎಳೆಯುವ ಮೊದಲು ಹಿಂದಿನ ಸಾಲಿನವರನ್ನ ಮುಂದಕ್ಕ ಕರೀರಿ. ಅವರು ಬಂದು ಕೂತ ಮೇಲೆ ಸಭೆ ಶುರುವಾಗಲಿ.