256 ರಾತ್ರಿ ಅವನದು, 3 ದಿನ ನಮ್ಮದು

1/4
ಬೈಕ್ ಟ್ರಿಪ್ ಅಂದ ಕೂಡಲೇ ನಿಮ್ಮ ತಲಿಯಾಗ ಏನು ಬರ್ತೈತಿ? ಮುಳ್ಳಯ್ಯನಗಿರಿ, ಕುದುರೆಮುಖ, ರೊಕ್ಕ ಇದ್ದವರಿಗೆ ಲಡಾಖ್. ಮಸ್ಕಿ, ಲಿಂಗಸುಗೂರು ಅಂದ್ರ ಕ್ಲಾಸ್‌ನಾಗ ನಗ್ತೀರಿ. "ನಮ್ಮ ಕಡೆ ಏನೈತಲೇ, ಬಿಸಿಲು ಮತ್ತ ಬಂಡೆ" ಅಂತೀರಿ. ಬಂಡೆ ಐತಿ, ಖರೆ. ಈ ಸೀರೀಸ್ ಪೂರಾ ಆ ಬಂಡೆ ಬಗ್ಗೇನೇ.

ನಾಲ್ಕು ಜನ, ಎರಡು ಬೈಕು (ಒಂದು ಸ್ಪ್ಲೆಂಡರ್, ಒಂದು ಪಲ್ಸರ್), ಮೂರು ದಿನ. ಸಿಂಧನೂರು ಬಿಟ್ಟ ಮ್ಯಾಲೆ ಸ್ವಲ್ಪ ದೂರ ಕಾಲುವೆ, ಭತ್ತದ ಗದ್ದೆ, ಎಲ್ಲಾ ಸಪಾಟು. ಮಸ್ಕಿ ಹತ್ರ ಬಂದಂಗ ಗದ್ದೆ ಹಿಂದಕ್ಕ ಸರಿದು ಗುಡ್ಡ ಎದ್ದು ನಿಲ್ತಾವ. ಮೊದಲ ಫೋಟೋದಾಗ ಇರೋದು ಅದೇ ಗುಡ್ಡ. ಅಲ್ಲಿ ಗವಿಯಂಥ ಜಾಗದಲ್ಲಿ ಒಂದು ಬಂಡೆ, ಅದರ ಮೇಲೆ ಅಶೋಕನ ಶಾಸನ. 2,200 ವರ್ಷಕ್ಕೂ ಹಳೇದು.

1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಇದನ್ನು ಕಂಡ. ಆಗ ನಮ್ಮ ಕಡೆ ನಿಜಾಮರ ಆಳ್ವಿಕೆ. ಆತ ಹುಡುಕ್ತಿದ್ದದ್ದು ಚಿನ್ನ, ಸಿಕ್ಕಿದ್ದು ಒಂದು ಹೆಸರು. ಯಾಕಂದ್ರ ಆ ಹೊತ್ತಿಗೆ ಇಂಥ ಶಾಸನಗಳು ದೇಶದ ತುಂಬ ಸಿಕ್ಕಿದ್ದವು. 1837ರಲ್ಲೇ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನ ಓದಿಯಾಗಿತ್ತು. ಆದರೆ ಎಲ್ಲಾ ಕಡೆ ಆ ರಾಜ ತನ್ನನ್ನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತಷ್ಟೇ ಕರ್ಕೊಂಡಿದ್ದ. ಇವನೇ ಅಶೋಕ ಅಂತ ಶ್ರೀಲಂಕಾದ ಹಳೇ ಗ್ರಂಥ ನೋಡಿ ವಿದ್ವಾಂಸರು ಹೇಳ್ತಿದ್ರು. ಕಲ್ಲು ಹೇಳಿರಲಿಲ್ಲ. 78 ವರ್ಷ ಆದ ಮ್ಯಾಲೆ ಮಸ್ಕಿ ಕಲ್ಲು ಹೇಳ್ತು: 'ದೇವಾನಂಪಿಯಸ ಅಸೋಕಸ'. ಶುರುವಿನಲ್ಲೇ ಐತಿ, ಝೂಮ್ ಮಾಡ್ರಿ.

ಈಗ ಒಂದು ಮಾತು ಕೇಳ್ತೀನಿ. ನಮ್ಮ ಕಡೆ ಬಂಡೆ ಒಡೆಯೋದು ಹೊಸ ಕಸುಬಲ್ಲ. 1914ರಾಗ ಯಾರೋ ಮನಿ ಬುನಾದಿಗೆ ಅಂತ ಆ ಗುಂಡನ್ನು ಒಡೆದಿದ್ರ? ಮಧ್ಯಪ್ರದೇಶದ ಗುಜರ್ರಾದಲ್ಲಿ ಹೆಸರಿರೋ ಇನ್ನೊಂದು ಶಾಸನ ಸಿಗೋಕೆ ಮುಂದೆ ಸುಮಾರು 40 ವರ್ಷ ಬೇಕಾಯ್ತು. ಅಲ್ಲಿ ತನಕ ಕಾಯಬೇಕಿತ್ತು.

2/4
ಅಶೋಕ ಇರೋದು ಪಾಟಲಿಪುತ್ರದಾಗ, ಈಗಿನ ಪಾಟ್ನಾ. ಮಸ್ಕಿ ಯಾಕ ಬೇಕಿತ್ತು ಅವನಿಗೆ?

ಉತ್ತರದ ಒಂದು ತುಂಡು ಹಟ್ಟಿಯಲ್ಲಿ ಐತಿ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗಿ, ಒಗ್ಗರಣಿ ಮಿರ್ಚಿ ತಿಂದು, ಹಟ್ಟಿ ರೋಡ್ ಹಿಡಿದ್ವಿ. ಗಣಿ ಒಳಗ ಬಿಡಲ್ಲ, ಹೊರಗಿಂದ ಫೋಟೋ ಅಷ್ಟೇ. ಇಲ್ಲಿನ ಹಳೇ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳನ್ನು ಪರೀಕ್ಷೆ ಮಾಡಿದಾಗ ಸುಮಾರು 1,900 ವರ್ಷದ ಹಿಂದಿನವು ಅಂತ ಬಂತು. ಅಶೋಕನಿಗಿಂತ ಸ್ವಲ್ಪ ಈಚಿನವು, ಅದು ನೆನಪಿರಲಿ. ಆದರೂ ನಮ್ಮ ನೆಲದ ಚಿನ್ನ ಬ್ರಿಟಿಷರು ಕಂಡುಹಿಡಿದದ್ದಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಇನ್ನೊಂದು ಸುಳಿವು ಶಾಸನದಲ್ಲೇ ಐತಿ, ಅದು 4ನೇ ಭಾಗದಾಗ ಬರ್ತೈತಿ. ರಾತ್ರಿ ಲಿಂಗಸುಗೂರು ಲಾಡ್ಜ್. ಪೆಟ್ರೋಲ್ ಲೆಕ್ಕ ನನ್ನ ಕಡೆ ಇತ್ತು. ಬಿಕಾಂ ಓದೋನ ಹಣೆಬರಹ.

3/4
ಎರಡನೇ ದಿನ ಮುದಗಲ್, ಕುಷ್ಟಗಿ ದಾಟಿ ಕೊಪ್ಪಳ. ಮುದಗಲ್ ಕೋಟೆಗೆ ಬೇರೆ ಪೋಸ್ಟ್ ಬೇಕು. ಬಹಮನಿ, ವಿಜಯನಗರ, ಆದಿಲ್‌ಶಾಹಿ ಎಲ್ಲರೂ ಕೃಷ್ಣಾ–ತುಂಗಭದ್ರಾ ನಡುವಿನ ಈ ದೋಆಬ್‌ಗೆ ಬಡಿದಾಡಿದವರೇ.

ಕೊಪ್ಪಳದಾಗ ಎರಡು ಶಾಸನ, ಎರಡೂ 1931ರಲ್ಲಿ ಬೆಳಕಿಗೆ ಬಂದವು. ಗವಿಮಠದ ಬೆಟ್ಟದಲ್ಲಿರೋದರ ಅಕ್ಷರ ಇನ್ನೂ ಚಂದ ಅದಾವ. ಪಾಲ್ಕಿಗುಂಡು ಗುಡ್ಡ ಮಾತ್ರ ಹತ್ತಲೇಬೇಕು: ಎರಡು ಗುಂಡಿನ ಮ್ಯಾಲೆ ಒಂದು ಚಪ್ಪಟೆ ಬಂಡೆ, ದೂರದಿಂದ ಪಲ್ಲಕ್ಕಿನೇ. ಅದರ ಕೆಳಗಿನ ಅಕ್ಷರ ಬಹಳ ಸವೆದು ಹೋಗ್ಯಾವ. ಮಳೆ ಗಾಳಿ ಮಾಡಿದ ಕೆಲಸ, ಯಾರನ್ನ ಬೈಯೋದು? ಆದರ ಈ ಮೂರು ದಿನದಾಗ ಹತ್ತಿದ ಬೇರೆ ಗುಡ್ಡಗಳ ಮ್ಯಾಲೆ ಆಯಿಲ್ ಪೇಂಟ್‌ನಾಗ ಹೆಸರು, ಹಾರ್ಟು, ಬಾಣ ನೋಡಿದ್ವಿ. ಅವು ನಮ್ಮ ವಯಸ್ಸಿನವರ ಕೈಬರಹ. ಕಲ್ಲಿನ ಮ್ಯಾಲೆ ಹೆಸರು ಬರೆಯೋ ಆಸೆ ಅಷ್ಟಿದ್ರ ಮೊದಲು ಒಂದು ಸಾಮ್ರಾಜ್ಯ ಕಟ್ರಪ್ಪಾ.

ಸಂಜಿಗೆ ಬಳ್ಳಾರಿ ಮುಟ್ಟಿದ್ವಿ. ಬೆನ್ನು ಬೆನ್ನಾಗಿ ಉಳಿದಿರಲಿಲ್ಲ.

4/4
ಮೂರನೇ ದಿನ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಶಾಸನ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

ಇದು ಬಂದ ದಾರಿ ನೋಡ್ರಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಕಳಿಸಿದ್ದು. ಹೆಡ್ ಆಫೀಸ್ ಪಾಟಲಿಪುತ್ರ, ರೀಜನಲ್ ಆಫೀಸ್ ಸುವರ್ಣಗಿರಿ, ಬ್ರಾಂಚ್ ಇಸಿಲ. ಪಕ್ಕಾ ಸರ್ಕ್ಯುಲರ್! ಸುವರ್ಣಗಿರಿ ಅಂದ್ರ ಚಿನ್ನದ ಬೆಟ್ಟ. ಅದು ಎಲ್ಲಿ ಅನ್ನೋ ವಾದ ಇನ್ನೂ ಮುಗಿದಿಲ್ಲ. ಕೆಲವರು ಮಸ್ಕಿ ಅಂತಾರ, ಕೆಲವರು ನಮ್ಮ ಪಕ್ಕದ ಕನಕಗಿರಿ, ಕೆಲವರು ಆಂಧ್ರದ ಜೊನ್ನಗಿರಿ. ಹಟ್ಟಿ ನೋಡಿ ಬಂದ ಮ್ಯಾಲೆ ನನ್ನ ವೋಟು ನಮ್ಮ ಕಡೇನೇ, ಇದು ಬರೇ ಊರ ಅಭಿಮಾನ ಅಂತ ತಿಳ್ಕೊಳ್ರಿ.

ಒಳಗ ಏನೈತಿ? ನಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಆಯ್ತು, ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಪಡಲಿಲ್ಲ ಅಂತಾನ ಚಕ್ರವರ್ತಿ. ಫಸ್ಟ್ ಇಯರ್ ಬ್ಯಾಕ್‌ಲಾಗ್ ಇರೋರು ಓದ್ಕೊಳ್ರಿ. ತಂದೆತಾಯಿ ಮಾತು ಕೇಳು, ಸತ್ಯ ಹೇಳು, ಶಿಷ್ಯ ಗುರುವನ್ನ ಗೌರವಿಸಬೇಕು ಅಂತಾನೂ ಐತಿ. ಜೊತೆಗೆ ಒಂದು ಸಂಖ್ಯೆ: 256. ಊರು ಬಿಟ್ಟು ಸಂಚಾರದಲ್ಲಿ ಕಳೆದ 256 ರಾತ್ರಿ ಅಂತ ಬಹಳ ವಿದ್ವಾಂಸರು ಇದನ್ನ ಓದ್ತಾರ.

ಕೊನೆಗೆ ಬರೆದವನ ಹೆಸರೂ ಐತಿ, ಚಪಡ. ತಾನು ಲಿಪಿಕಾರ ಅನ್ನೋ ಪದವನ್ನ ಅವನು ಬ್ರಾಹ್ಮಿಯಲ್ಲಿ ಬರೆಯಲಿಲ್ಲ, ಖರೋಷ್ಠಿಯಲ್ಲಿ ಬರೆದ. ಬಲದಿಂದ ಎಡಕ್ಕೆ ಬರೆಯೋ ಆ ಲಿಪಿ ಇದ್ದದ್ದು ಗಾಂಧಾರದ ಕಡೆ, ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನ. ಅವನು ಅಲ್ಲಿಯವನೋ ಅಲ್ಲಿ ಕಲಿತವನೋ ಇರಬೇಕು ಅಂತ ಊಹೆ. ಅಲ್ಲಿಂದ ಇಲ್ಲಿಗೆ 2,000 ಕಿಲೋಮೀಟರ್‌ಗೂ ಮಿಕ್ಕಿ. ಟಾರ್ ರೋಡ್ ಇಲ್ಲ, ಬಂಕ್ ಇಲ್ಲ. ಇಲ್ಲಿ ಯಾರಿಗೂ ಓದಕ್ಕ ಬರದ ಲಿಪಿಯಾಗ ಒಂದು ಪದ ಬಿಟ್ಟು ಹೋದ. ನಾನು ಆ ಬಂಡೆ ಮುಂದ ಬಹಳ ಹೊತ್ತು ಕುಂತಿದ್ದೆ, ದೋಸ್ತರು ಹಾರ್ನ್ ಹೊಡೆಯೋ ತನಕ.

ವಾಪಸ್ ಬಳ್ಳಾರಿ, ಸಿರುಗುಪ್ಪ ಮ್ಯಾಲೆ ಬಂದ್ವಿ. ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳಂ ಶಾಸನಗಳಲ್ಲೂ ಅಶೋಕ ಅನ್ನೋ ಹೆಸರು ಐತಿ. ಕತ್ತಲಾಗಿತ್ತು, ನೋಡೋದು ಆಗಲಿಲ್ಲ. ತುಂಗಭದ್ರಾ ದಾಟಿದ್ರ ಸಿಂಧನೂರು.

ನಿಟ್ಟೂರು, ಉಡೇಗೋಳಂ, ಮತ್ತ ಬ್ರಹ್ಮಗಿರಿ ಪಕ್ಕದ ಜಟಿಂಗ ರಾಮೇಶ್ವರ ಬೆಟ್ಟ ಬಾಕಿ ಅದಾವ. ಸೆಮಿಸ್ಟರ್ ಪರೀಕ್ಷೆ ಮುಗಿದ ಮ್ಯಾಲೆ ಹೊಂಟೀವಿ. ಬೈಕ್ ಇದ್ದವರು ಕಾಮೆಂಟ್‌ನಾಗ ಹೇಳ್ರಿ, ಪೆಟ್ರೋಲ್ ಸಮಪಾಲು.