ಪದ: ಹೆಜ್ಜೆಯಿಂದ ಹಾಡಿಗೆ

ಕಲಬುರಗಿ ಸೀಮೆಯಲ್ಲಿ ‘ಒಂದು ಪದ ಹೇಳ್ರಿ’ ಎಂದರೆ ಯಾರೂ ನಿಘಂಟು ಹುಡುಕುವುದಿಲ್ಲ, ಏಕತಾರಿಗೆ ಕೈ ಹಾಕುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಪದ ಎಂದರೆ ಹಾಡು. ಬೀಸುಕಲ್ಲಿನ ಮುಂದೆ ಬೀಸುವ ಪದ, ಕಣದಲ್ಲಿ ಹಂತಿ ಪದ, ಅಲಾಯಿ ಕುಣಿಯ ಸುತ್ತ ಮೊಹರಂ ಪದ, ಮಠದ ಅಂಗಳದಲ್ಲಿ ತತ್ವಪದ. ಬರೆದದ್ದು ಮಾತ್ರವೇ ಸಾಹಿತ್ಯ ಎಂಬ ನಂಬಿಕೆಗೆ ಈ ಒಂದು ಬಳಕೆಯೇ ಉತ್ತರ ಕೊಡುತ್ತದೆ. ಅದಕ್ಕೇ ಈ ಪದದ ಬಾಳನ್ನು ಬುಡದಿಂದ ನೋಡಬೇಕು.

ಸಂಸ್ಕೃತದಲ್ಲಿ ‘ಪದ’ ಮೊದಲಿಗೆ ಹೆಜ್ಜೆ, ಹೆಜ್ಜೆಯ ಗುರುತು. ಅಲ್ಲಿಂದ ನಿಲ್ಲುವ ಜಾಗ ಎಂಬ ಅರ್ಥ ಹುಟ್ಟಿತು. ನಮ್ಮ ಪದವಿ, ಪದಾಧಿಕಾರಿ, ಪದಚ್ಯುತಿಗಳಲ್ಲಿ ಇರುವುದು ಆ ಅರ್ಥವೇ. ವೇದ ಕಲಿಸುವವರು ಸಂಧಿ ಬಿಡಿಸಿ ಒಂದೊಂದೇ ಮಾತನ್ನು ಬೇರೆ ಮಾಡಿ ಹೇಳಿದ್ದು ‘ಪದಪಾಠ’ವಾಯಿತು. ಪ್ರತ್ಯಯ ಹತ್ತಿ ವಾಕ್ಯದಲ್ಲಿ ನಿಲ್ಲಲು ಸಿದ್ಧವಾದ ರೂಪವನ್ನು ಪಾಣಿನಿ ಪದ ಎಂದು ಕರೆದ. ಹೀಗೆ ಕಾಲಿಗೆ ಸಂಬಂಧಿಸಿದ ಮಾತು ನಾಲಗೆಗೆ ಏರಿತು.

ಕನ್ನಡದಲ್ಲಿ ಇದೇ ಸದ್ದಿನ ಇನ್ನೊಂದು ಮಾತು ಮೊದಲಿನಿಂದಲೂ ಇತ್ತು. ಅದು ದ್ರಾವಿಡ ಮೂಲದ ‘ಪದ’: ತಕ್ಕ ಸ್ಥಿತಿ, ಸರಿಯಾದ ಅಳತೆ, ಪಾಕಕ್ಕೆ ಬಂದ ವೇಳೆ. ತಮಿಳಿನಲ್ಲಿ ಅದು ಈಗಲೂ ‘ಪದಂ’. 9ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಅಂದರೆ ಇದೇ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡಿಗರನ್ನು ಮೆಚ್ಚುವಾಗ ಈ ಮಾತನ್ನೇ ಆರಿಸಿಕೊಂಡಿತು: ಅವರು ‘ಪದನರಿದು’, ಅಂದರೆ ಹದವರಿತು, ಆಡಬಲ್ಲವರು, ಓದದೆಯೂ ಕಾವ್ಯ ಕಟ್ಟುವ ಬುದ್ಧಿ ಇದ್ದವರು. ಮುಂದೆ ಹಳಗನ್ನಡದ ಪಕಾರ ಹಕಾರವಾದಾಗ ಪಾಲು ಹಾಲಾಯಿತು, ಪಾಡು ಹಾಡಾಯಿತು, ಈ ಪದವೂ ‘ಹದ’ವಾಯಿತು. ಬಿತ್ತಿಗೆಗೆ ಹದ ನೋಡುವ ಒಕ್ಕಲಿಗ, ಹಿಟ್ಟಿನ ಹದ ನೋಡಿ ರೊಟ್ಟಿ ಬಡಿಯುವ ಅವ್ವ ಬಳಸುವುದು ಆ ಹಳೆಯ ಮಾತನ್ನೇ. ಸಂಸ್ಕೃತದಿಂದ ಬಂದ ಪದ ಮಾತ್ರ ಹಾಗೆಯೇ ಉಳಿಯಿತು.

ಆ ಉಳಿದ ಪದ ಛಂದಸ್ಸಿನ ದಾರಿಯಲ್ಲಿ ಹಾಡಾಯಿತು. ಸಾಲು ಎಂದರೆ ಪದ್ಯದ ಕಾಲು. ಮೂರು ಕಾಲಿದ್ದರೆ ತ್ರಿಪದಿ, ಆರಿದ್ದರೆ ಷಟ್ಪದಿ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಇದೆ. ಬೀಸುವ ಹೆಂಗಸರು ಕಟ್ಟಿದ್ದೂ ಬಹುಪಾಲು ತ್ರಿಪದಿಯನ್ನೇ. ಹಾಡಿನ ಅಂಗವಾಗಿದ್ದ ಪದ ಕಾಲಕ್ರಮದಲ್ಲಿ ಇಡೀ ಹಾಡಿಗೇ ಹೆಸರಾಯಿತು, ದಾಸರ ಕೀರ್ತನೆ ‘ದಾಸರ ಪದ’ ಆಯಿತು.

ಕಲಬುರಗಿ ಸೀಮೆ ಪದಕ್ಕೆ ಕೊಟ್ಟ ಬಾಳು ಇನ್ನೂ ದೊಡ್ಡದು. ವಚನಯುಗ ಎಂದರೆ 12ನೆಯ ಶತಮಾನ ಎಂದು ಓದುತ್ತೇವೆ. ಆದರೆ ಜೇವರ್ಗಿಯ ಷಣ್ಮುಖಸ್ವಾಮಿ ‘ಅಖಂಡೇಶ್ವರ’ ಅಂಕಿತದಲ್ಲಿ ವಚನ ಬರೆದದ್ದು ಕಲ್ಯಾಣದ ಶರಣರ ಕಾಲದಿಂದ ಸುಮಾರು ಐದು ನೂರು ವರ್ಷದ ಮೇಲೆ. ಆ ಬಳಿಕ ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿದ ಮಡಿವಾಳಪ್ಪ, ಮೊದಲು ಜೇವರ್ಗಿ ತಾಲ್ಲೂಕಿಗೇ ಸೇರಿದ್ದ ಕಡಕೋಳದಲ್ಲಿ ನೆಲೆನಿಂತು ತತ್ವಪದ ಹಾಡಿದರು. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ಕಡ್ಲೇವಾಡದ ಸಿದ್ಧಪ್ಪ, ರಾಮಪುರದ ಬಕ್ಕಪ್ಪ ಅವರ ಶಿಷ್ಯರು. ಅವರ ಮಠದ ಅಂಗಳದಲ್ಲಿ ಯಾರ್‍ಯಾರು ಕೂಡಿ ಕುಳಿತಿದ್ದರು ಎಂಬುದನ್ನು ಈ ಹೆಸರುಗಳೇ ಹೇಳುತ್ತವೆ. ವಚನ ಎತ್ತಿದ ಪ್ರಶ್ನೆಗಳನ್ನು ಪದ ರಾಗಕ್ಕೆ ಹಾಕಿ ಮುಂದಿನ ತಲೆಮಾರಿಗೆ ದಾಟಿಸಿತು. ಶರಣರು ಹಾಡಲೆಂದೇ ಕಟ್ಟಿದ ಸ್ವರವಚನಗಳು ಆ ದಾರಿಯನ್ನು ಮೊದಲೇ ತೋರಿದ್ದವು.

ತತ್ವಪದದ ಕಟ್ಟನ್ನು ಹತ್ತಿರದಿಂದ ನೋಡಬೇಕು. ಮೊದಲು ಪಲ್ಲವಿ, ಆಮೇಲೆ ಮೂರು ನಾಲ್ಕು ನುಡಿ. ಮುಂದಾಳು ಸೊಲ್ಲು ಎತ್ತಿದರೆ ಹಿಮ್ಮೇಳದವರು ಅದನ್ನೇ ಹಿಡಿದು ತಿರುಗಿಸುತ್ತಾರೆ. ದಮ್ಮಡಿ, ತಾಳ ಕೂಡಿಕೊಳ್ಳುತ್ತವೆ. ಪ್ರತಿ ನುಡಿ ಮುಗಿದಾಗಲೂ ಪಲ್ಲವಿಗೆ ಮರಳುವುದರಿಂದ ಹೊಸಬನಿಗೂ ಅದು ಬಾಯಿಗೆ ಬರುತ್ತದೆ. ಕಡೆಯ ನುಡಿಯಲ್ಲಿ ಗುರುವಿನ ಅಂಕಿತ; ಮಡಿವಾಳಪ್ಪನವರಲ್ಲಿ ಅದು ಮಹಾಂತನ ಹೆಸರು. ಅಕ್ಷರ ಬಾರದವರು ನೂರಾರು ಪದ ನೆನಪಿಟ್ಟದ್ದು ಈ ಕಟ್ಟಿನ ಬಲದಿಂದ. ಕಲಬುರಗಿ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. 1948ರವರೆಗೆ ಇಲ್ಲಿ ಕನ್ನಡಕ್ಕೆ ಕಚೇರಿಯಲ್ಲಿ ಜಾಗವಿರಲಿಲ್ಲ. ಆ ಕಾಲದಲ್ಲಿ ಕನ್ನಡದ ಚಿಂತನೆ ಕಳೆದುಹೋಗದಂತೆ ಕಾದದ್ದು ಭಜನೆಯ ಮೇಳ.

ಇಷ್ಟಿದ್ದೂ ಈ ತತ್ವಪದಗಳು ಹುಟ್ಟಿದ 18, 19ನೆಯ ಶತಮಾನಗಳನ್ನು ಸಾಹಿತ್ಯ ಚರಿತ್ರೆಗಳು ಬಹುಕಾಲ ಬರಡು ಕಾಲವೆಂದೇ ಕಂಡವು. ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಆದ ಮೇಲೆ ನೇರ ಹೊಸಗನ್ನಡಕ್ಕೆ ಬಂದು ನಿಂತವು. ಹಾಡಿ ಉಳಿಸಿದ್ದು ಲೆಕ್ಕಕ್ಕೆ ಬರಲಿಲ್ಲ.

ಅಮೆರಿಕದಲ್ಲೂ ಹೀಗೆಯೇ ಆಗಿತ್ತು. ಅಲ್ಲಿನ ಇಂಗ್ಲಿಷ್ ವಸಾಹತುಗಳಲ್ಲಿ ಅಚ್ಚಾದ ಮೊದಲ ಪುಸ್ತಕ, 1640ರದ್ದು, ಪ್ರಾರ್ಥನೆಯಲ್ಲಿ ಹಾಡಲೆಂದು ಮಾಡಿದ ಕೀರ್ತನೆಗಳ ಸಂಗ್ರಹ. ಅದನ್ನು ತಂದ ಪ್ಯೂರಿಟನ್ ಕ್ರೈಸ್ತರಿಂದ ಸಾಹಿತ್ಯ ಚರಿತ್ರೆ ಶುರುವಾಗಿ, ಕ್ರಾಂತಿಯ ಕಾಲ ದಾಟಿ, 1836ರಲ್ಲಿ ‘ನೇಚರ್’ ಪ್ರಬಂಧ ಪ್ರಕಟಿಸಿದ ಎಮರ್ಸನ್‌ಗೂ ಅವನ ಗೆಳೆಯ ಥೋರೊಗೂ ಬರುತ್ತಿತ್ತು. ಮೂಲನಿವಾಸಿಗಳ ಹಾಡು, ಗುಲಾಮಗಿರಿಯಲ್ಲಿ ಬೆಂದ ಕರಿಯರ ಭಕ್ತಿಗೀತೆ ಅದರೊಳಗೆ ಇರಲಿಲ್ಲ. ಕರಿಯರ ಹಾಡುಗಳ ಸಂಗ್ರಹ ಪುಸ್ತಕವಾಗಿ ಬಂದದ್ದು 1867ರಲ್ಲಿ. 1903ರಲ್ಲಿ ಕರಿಯ ಚಿಂತಕ ಡು ಬೊಯಿಸ್ ತನ್ನ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ ಪುಸ್ತಕದ ಅಧ್ಯಾಯಗಳ ನೆತ್ತಿಯ ಮೇಲೆ ಆ ಹಾಡುಗಳ ಸ್ವರಲಿಪಿ ಇಟ್ಟ. ಇಂದು ಅವುಗಳಿಲ್ಲದೆ ಅಮೆರಿಕನ್ ಸಾಹಿತ್ಯದ ಆರಂಭವನ್ನು ಯಾರೂ ಕಲಿಸಲಾರರು.

ನಮ್ಮಲ್ಲೂ ಕೆಲಸ ನಡೆದಿದೆ. ಕಲಬುರಗಿಯ ಮೀನಾಕ್ಷಿ ಬಾಳಿ ಈ ಭಾಗದ ತತ್ವಪದಗಳ ಬೆನ್ನು ಹತ್ತಿ ದುಡಿದಿದ್ದಾರೆ; ಸಂತಕವಿ ಕನಕದಾಸ ಅಧ್ಯಯನ ಕೇಂದ್ರ ನಾಡಿನ ತತ್ವಪದಗಳನ್ನು ಸಂಪುಟಗಳಾಗಿ ತಂದಿದೆ. ಆದರೆ ಸಂಪುಟಕ್ಕೆ ಸೇರಿದ್ದು ಪಠ್ಯ ಮಾತ್ರ. ಧಾಟಿ, ತಾಳ, ಹಿಮ್ಮೇಳವೂ ಸೇರಿದರೇ ಅದು ಪದ. ಆದ್ದರಿಂದ ಕಲಬುರಗಿ ಸೀಮೆಯ ಶಾಲೆ, ಕಾಲೇಜುಗಳು ಪದ ಹಾಡುವವರನ್ನು ಪಾಠ ಹೇಳುವವರೆಂದೇ ಕರೆಸಬೇಕು, ಗೌರವಧನ ಕೊಡಬೇಕು, ಮಕ್ಕಳಿಂದ ಸೊಲ್ಲು ಎತ್ತಿಸಬೇಕು. ಚರಿತ್ರೆ ಬರೆಯುವವರು 18, 19ನೆಯ ಶತಮಾನಗಳನ್ನು ಪದದ ಯುಗವೆಂದು ಹೆಸರಿಟ್ಟು ಕರೆಯಲಿ. ಹಾಡು ಕಟ್ಟಿದವರು ಅದಕ್ಕೆ ಕೊಟ್ಟ ಹೆಸರೂ ಪದವೇ.