ಮಕ್ಕಳು ಶಾಲೆಯಿಂದ ತಂದ ಚರಿತ್ರೆ



ಕೇಟಿಯಲ್ಲಿ ಮನೆ ಕೊಂಡಾಗ, ಗೃಹಪ್ರವೇಶದ ದಿನ ಮುಂಬಾಗಿಲ ಮೇಲೆ ಕುಂಕುಮದಿಂದ ಸ್ವಸ್ತಿಕ ಬರೆದಿದ್ದೆವು. ಒಂದು ಜನವರಿಯ ಸಂಜೆ ಮಗಳು ಶಾಲೆಯಿಂದ ಬಂದವಳೇ, ಬ್ಯಾಗನ್ನೂ ಇಳಿಸದೆ, "ಅಮ್ಮಾ, ಇದನ್ನು ಅಳಿಸಿಬಿಡೋಣ. ನನ್ನ ಫ್ರೆಂಡ್ ನೋಡಿದರೆ ಏನಂದುಕೊಳ್ಳುತ್ತಾಳೆ?" ಎಂದಳು. ಅಂದು ಅವಳ ತರಗತಿಯಲ್ಲಿ ಹೋಲೋಕಾಸ್ಟ್ ಪಾಠ ನಡೆದಿತ್ತು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಊರಿನಲ್ಲಿ ನಾನು ಓದಿದ ಪಾಠದಲ್ಲಿ ಎರಡನೇ ಮಹಾಯುದ್ಧವೆಂದರೆ ಕೆಲವು ಇಸವಿಗಳು, ಕೆಲವು ಒಪ್ಪಂದಗಳು. 60 ಲಕ್ಷ ಯಹೂದಿಗಳ ಕೊಲೆಯ ಬಗ್ಗೆ ಓದಿದ ನೆನಪೇ ನನಗಿರಲಿಲ್ಲ.

ಟೆಕ್ಸಾಸ್‌ನಲ್ಲಿ 2019ರಲ್ಲಿ ಒಂದು ಕಾನೂನು ಬಂದಿತು. ಅದರಂತೆ 2020ರಿಂದ ಸರಕಾರಿ ಶಾಲೆಗಳಲ್ಲಿ ಜನವರಿಯ ಒಂದು ವಾರ ಹೋಲೋಕಾಸ್ಟ್ ಸ್ಮರಣೆಗೆ ಮೀಸಲು. ಆಷ್‌ವಿಟ್ಸ್ ಶಿಬಿರದ ಕೈದಿಗಳಿಗೆ ಬಿಡುಗಡೆಯಾದದ್ದು 1945ರ ಜನವರಿ 27ರಂದು. ಆದರೆ ಈ ಕೆಲಸ ಕಾನೂನಿನಿಂದ ಶುರುವಾದದ್ದಲ್ಲ. ಬದುಕಿ ಉಳಿದು ಈ ರಾಜ್ಯಕ್ಕೆ ಬಂದವರೇ ಮೊದಲು ಬಾಯಿಬಿಟ್ಟು ಹೇಳಿದರು. ಡಲ್ಲಾಸ್‌ನಲ್ಲಿ 1984ರಲ್ಲಿ ಒಂದು ಸಣ್ಣ ಸ್ಮಾರಕ ಕೇಂದ್ರ ತೆರೆಯಿತು. ಹ್ಯೂಸ್ಟನ್ನಿನ ಹೋಲೋಕಾಸ್ಟ್ ಮ್ಯೂಸಿಯಂ 1996ರ ಮಾರ್ಚಿನಲ್ಲಿ ಬಾಗಿಲು ತೆರೆಯಿತು. ಎರಡೂ 2019ರಲ್ಲಿ ದೊಡ್ಡದಾಗಿ ಬೆಳೆದವು.

ಹ್ಯೂಸ್ಟನ್ ಮ್ಯೂಸಿಯಂ ನಮ್ಮ ಕೇಟಿಯಿಂದ ಸುಮಾರು 30 ಮೈಲಿ. ಅಲ್ಲಿ 1942ರ ಒಂದು ಜರ್ಮನ್ ರೈಲು ಡಬ್ಬಿಯಿದೆ. ಜನರನ್ನು ಶಿಬಿರಗಳಿಗೆ ಸಾಗಿಸಿದ್ದು ಅಂಥ ಡಬ್ಬಿಗಳಲ್ಲೇ. ಡೆನ್ಮಾರ್ಕಿನ ಒಂದು ಮೀನುಗಾರಿಕೆ ದೋಣಿಯೂ ಇದೆ. 1943ರಲ್ಲಿ ಅಲ್ಲಿನ ಸಾಮಾನ್ಯ ಜನ ಅಂಥ ದೋಣಿಗಳಲ್ಲಿ 7 ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಸ್ವೀಡನ್ನಿಗೆ ದಾಟಿಸಿದರು. ಕೊಂದವರ ಕಥೆಯ ಜೊತೆಗೆ ಕಾಪಾಡಿದವರ ಕಥೆಯನ್ನೂ ಮಕ್ಕಳು ನೋಡಿ ಬರುತ್ತಾರೆ.

ಇಲ್ಲಿನ ಉಪಾಧ್ಯಾಯರು ಪಾಠ ಮಾಡುವ ಕ್ರಮ ನನಗೆ ಬಹಳ ಹಿಡಿಸಿತು. ಮ್ಯೂಸಿಯಂ ಅವರಿಗೆ ತರಬೇತಿ ಕೊಡುತ್ತದೆ; ಪುಸ್ತಕ, ಚಿತ್ರ, ಪಾಠಗಳನ್ನು ಟ್ರಂಕುಗಳಲ್ಲಿ ತುಂಬಿ ಶಾಲೆಗಳಿಗೆ ಎರವಲು ಕಳಿಸುತ್ತದೆ. 60 ಲಕ್ಷ ಎಂಬ ಅಂಕಿ ಮಗುವಿನ ಮನಸ್ಸಿಗೆ ನಿಲುಕುವುದಿಲ್ಲ. ಆದ್ದರಿಂದ ಒಂದು ಹೆಸರು, ಒಂದು ಫೋಟೋ, ಒಂದು ಪತ್ರದಿಂದ ಆರಂಭಿಸುತ್ತಾರೆ. ತೆರೆಜಿನ್ ಗೆಟ್ಟೋದಲ್ಲಿ ಪಾವೆಲ್ ಫ್ರೀಡ್ಮನ್ ಎಂಬ ತರುಣ 1942ರಲ್ಲಿ ಚಿಟ್ಟೆಯ ಬಗ್ಗೆ ಒಂದು ಕವಿತೆ ಬರೆದ. 1944ರಲ್ಲಿ ಆಷ್‌ವಿಟ್ಸ್‌ನಲ್ಲಿ ಸತ್ತ. ಅದರ ನೆನಪಿಗೆ, ಕೊಲೆಯಾದ 15 ಲಕ್ಷ ಮಕ್ಕಳಿಗೆ ತಲೆಗೊಂದರಂತೆ ಕೈಯಿಂದ ಮಾಡಿದ ಚಿಟ್ಟೆಗಳನ್ನು ಹ್ಯೂಸ್ಟನ್ ಮ್ಯೂಸಿಯಂ ಸಂಗ್ರಹಿಸಿತು. ನನ್ನ ಮಗಳೂ ತರಗತಿಯಲ್ಲಿ ಒಂದು ಕಾಗದದ ಚಿಟ್ಟೆ ಮಾಡಿದಳು.

"ಇದಕ್ಕೂ ನಮಗೂ ಏನು ಸಂಬಂಧ?" ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ಸಂಬಂಧ ನಮ್ಮ ಬೆಂಗಳೂರಿನಲ್ಲೇ ಇದೆ. 1933ರಲ್ಲಿ ಗಾಟಿಂಗೆನ್‌ನಲ್ಲಿ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸರ್ ಸಿ.ವಿ. ರಾಮನ್ ಅವರ ಕರೆಗೆ ಓಗೊಟ್ಟು 1935-36ರಲ್ಲಿ ಕೆಲವು ತಿಂಗಳು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಅವರನ್ನು ಕಾಯಂ ಆಗಿ ಉಳಿಸಿಕೊಳ್ಳಬೇಕೆಂಬ ರಾಮನ್ ಅವರ ಪ್ರಯತ್ನ ಕೈಗೂಡಲಿಲ್ಲ. ಬಾರ್ನ್ ಅವರಿಗೆ 1954ರಲ್ಲಿ ನೊಬೆಲ್ ಬಂತು. ಅವರ ಸೋದರಳಿಯ, ಬರ್ಲಿನ್ನಿನ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಕೂಡ 1933ರಲ್ಲೇ ಕೆಲಸ ಕಳೆದುಕೊಂಡು ದೇಶ ಬಿಟ್ಟರು. 1939ರಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು ಮೈಸೂರು ಸಂಸ್ಥಾನಕ್ಕೆ ಕರೆಸಿಕೊಂಡರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರದೇ ವಿನ್ಯಾಸ. ನಾನು ಹುಡುಗಿಯಾಗಿದ್ದಾಗ ಅದರ ಪಕ್ಕದಲ್ಲೇ ಆಡಿದ್ದೆ. ಅದನ್ನು ಕಟ್ಟಿದವರು ಯಾರೆಂದು ಗೊತ್ತಿರಲಿಲ್ಲ.

ಆ ಸಂಜೆಯ ಪ್ರಶ್ನೆಗೆ ಉತ್ತರ ಕೊಡಲು ನನಗೆ ಒಂದು ವಾರ ಹಿಡಿಯಿತು. ಸ್ವಸ್ತಿಕ ನಮ್ಮಲ್ಲಿ ಸಾವಿರಾರು ವರ್ಷಗಳಿಂದ ಮಂಗಳದ ಗುರುತು. ನಾಜಿ ಪಕ್ಷ ಅದೇ ಆಕಾರವನ್ನು 1920ರಲ್ಲಿ ತನ್ನ ಬಾವುಟಕ್ಕೆ ಎತ್ತಿಕೊಂಡಿತು, 1935ರಲ್ಲಿ ಅದು ಜರ್ಮನಿಯ ರಾಷ್ಟ್ರಧ್ವಜವಾಯಿತು. "ನಮ್ಮದು ಬೇರೆ" ಎಂದಷ್ಟೇ ಹೇಳಿ ಸುಮ್ಮನಾಗುವುದು ಸುಲಭ. ಆದರೆ ಅದನ್ನು ಕಂಡೊಡನೆ ಪಕ್ಕದ ಬೀದಿಯ ಯಹೂದಿ ಅಜ್ಜಿಯೊಬ್ಬರ ಎದೆ ನಡುಗಬಹುದು ಎಂಬುದೂ ನಿಜವೇ. ಎರಡನ್ನೂ ಮಗಳಿಗೆ ಹೇಳಿದೆ. ಸ್ವಸ್ತಿಕ ಅಳಿಸಲಿಲ್ಲ, ದೇವರ ಕೋಣೆಯ ಬಾಗಿಲಿಗೆ ಹೋಯಿತು. ಇದು ಸರಿಯೋ ತಪ್ಪೋ, ಬೇರೆಯವರು ಬೇರೆ ರೀತಿ ಯೋಚಿಸಬಹುದು. ಮರುವಾರ ಅವಳು ಕೃಷ್ಣರಾವ್ ಪಾರ್ಕಿನ ಚಿತ್ರ ಹಿಡಿದುಕೊಂಡು ಹೋಗಿ ಕೋನಿಗ್ಸ್‌ಬರ್ಗರ್ ಕಥೆಯನ್ನು ತರಗತಿಯಲ್ಲಿ ಹೇಳಿದಳು. ಸ್ವಸ್ತಿಕದ ಎರಡು ಅರ್ಥಗಳನ್ನೂ ತಾನೇ ವಿವರಿಸಿದಳು.

ದೊಡ್ಡವರಿಗೆ ಒಂದು ಸಲಹೆ: ನೇಮಿಚಂದ್ರ ಅವರ "ಯಾದ್ ವಶೇಮ್" ಕಾದಂಬರಿ ಓದಿ. ನಾಜಿಗಳಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಹುಡುಗಿಯ ಕಥೆ ಅದು, 2007ರಲ್ಲಿ ಪ್ರಕಟವಾಯಿತು. ರಜೆಯಲ್ಲಿ ಒಂದು ದಿನ ಮಕ್ಕಳ ಜೊತೆ ಮ್ಯೂಸಿಯಂಗೂ ಹೋಗಿಬನ್ನಿ. ನಮ್ಮ ಮಕ್ಕಳು ಶಾಲೆಯಿಂದ ಇಷ್ಟು ದೊಡ್ಡ ಪ್ರಶ್ನೆ ಹೊತ್ತು ತರುವಾಗ, ಮನೆಯಲ್ಲಿ ಅವರಿಗೆ ಉತ್ತರ ಹೇಳುವವರು ಯಾರಾದರೂ ಇರಬೇಕಲ್ಲವೇ?